ಅಂಗಾಲಿನ ಗಡ್ಡೆ, ಮನೆತನದ ವಂಶವಾಹಿ: ಚರ್ಮದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಂಶವಾಹಿ ಪರೀಕ್ಷೆ, ಉತ್ತರ ಬೆಂಗಳೂರಿನ ನೆಲೆಯಿಂದ

ಸಾರಾಂಶ: ಚರ್ಮದ ಕ್ಯಾನ್ಸರಿಗೆ ವಂಶವಾಹಿ ಪರೀಕ್ಷೆ ಎಂದೊಡನೆ ಪಠ್ಯಗಳು ಬಿಳಿಯರ ಮೆಲನೋಮಾದಿಂದ ಮಾತು ಆರಂಭಿಸುತ್ತವೆ. ಕರ್ನಾಟಕದಲ್ಲಿ ಯಾವ ವಂಶವಾಹಿಯನ್ನು ಮೊದಲು ನೋಡಬೇಕೆಂಬುದನ್ನು ಇಲ್ಲಿನ ರೋಗದ ಸ್ವರೂಪ ಮತ್ತು ಮದುವೆಯ ಪದ್ಧತಿ ನಿರ್ಧರಿಸಬೇಕೆಂಬುದು ಈ ಲೇಖನದ ವಾದ.

ಹಿನ್ನೆಲೆ

ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ಎ. ಎಚ್. ಬಿಟಲ್ಸ್ ಮೊದಲಾದವರೊಡನೆ 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಬೆಂಗಳೂರು–ಮೈಸೂರುಗಳ ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದೇ ಅವುಗಳಲ್ಲಿ ಹೆಚ್ಚು. ಅದೇ ಸಂಸ್ಥೆಯ ಅಧ್ಯಾಪಕರು 2000ದಲ್ಲಿ ಕಟ್ಟಿದ ಸ್ಟ್ರಾಂಡ್ ಲೈಫ್ ಸೈನ್ಸಸ್ ಮುಂದೆ ಹೆಬ್ಬಾಳದಿಂದ ಕ್ಯಾನ್ಸರ್ ವಂಶವಾಹಿ ಪರೀಕ್ಷೆಗಳನ್ನು ಒದಗಿಸಿತು. ಜನಸಮುದಾಯದ ಅಧ್ಯಯನ ಮತ್ತು ಪರೀಕ್ಷಾ ತಂತ್ರ ಎರಡೂ ನಗರದ ಇದೇ ದಿಕ್ಕಿನಲ್ಲಿ ಬೆಳೆದವು.

ಗಡ್ಡೆಯ ವಂಶವಾಹಿ

ಭಾರತೀಯರಲ್ಲಿ ಮೆಲನೋಮಾ ಅಪರೂಪ. ಬಂದರೆ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುವುದೇ ಹೆಚ್ಚು. ಆಣಿಯೆಂದು ಉಪೇಕ್ಷಿಸುವುದೂ ಉಂಟು. ಬಿಳಿಯರ ಚರ್ಮದ ಮೆಲನೋಮಾಗಳ ಸುಮಾರು ಅರ್ಧದಷ್ಟರಲ್ಲಿ ಬಿಆರ್‌ಎಎಫ್ ವಂಶವಾಹಿಯ ವ್ಯತ್ಯಯವಿರುತ್ತದೆ. 2011ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ವೆಮುರಾಫೆನಿಬ್ ಎಂಬ ಔಷಧ ಗುರಿಯಿಡುವುದು ಅದಕ್ಕೇ. ಅಂಗಾಲಿನ ಗಡ್ಡೆಗಳಲ್ಲಿ ಆ ವ್ಯತ್ಯಯ ಕಡಿಮೆ. ಕಿಟ್ ವಂಶವಾಹಿಯ ವ್ಯತ್ಯಯ ಬೇರೆಡೆಗಿಂತ ಹೆಚ್ಚು. ಅದಿದ್ದವರಲ್ಲಿ ಕೆಲವರಿಗೆ ಇಮ್ಯಾಟಿನಿಬ್ ಫಲ ಕೊಡುತ್ತದೆ. ಬಿಆರ್‌ಎಎಫ್ ಕೆಡದ ಗಡ್ಡೆಗೆ ವೆಮುರಾಫೆನಿಬ್ ಕೊಟ್ಟರೆ ಕೋಶವೃದ್ಧಿಯ ಸಂಕೇತ ಇನ್ನಷ್ಟು ಚುರುಕಾಗಬಹುದು.

ಪ್ರಯೋಗಾಲಯದಲ್ಲೂ ತೊಡಕುಗಳಿವೆ. ಮೇಣದಲ್ಲಿ ಕಾದಿಟ್ಟ ಮಾದರಿಯಿಂದ ಡಿಎನ್‌ಎ ಜೊತೆ ಚರ್ಮದ ವರ್ಣಕವಾದ ಮೆಲನಿನ್ನೂ ಬಂದರೆ ಅದು ಪಾಲಿಮರೇಸ್ ಕಿಣ್ವವನ್ನು ತಡೆದು ಪಿಸಿಆರ್ ಕೆಡಿಸುತ್ತದೆ. ದ್ರಾವಣವನ್ನು ಶುದ್ಧೀಕರಿಸಿಯೋ ತೆಳುಗೊಳಿಸಿಯೋ ಮತ್ತೆ ನಡೆಸಬೇಕು. ಮೂಳೆಯಿರುವ ತುಣುಕನ್ನು ಪ್ರಬಲ ಆಮ್ಲದಲ್ಲಿ ಮೆದುಗೊಳಿಸಿದ್ದರೆ ಡಿಎನ್‌ಎಯೇ ಚೂರಾಗಿರುತ್ತದೆ. ಇಂಥಲ್ಲಿ ‘ಫಲಿತಾಂಶ ದೊರೆತಿಲ್ಲ’ ಎಂಬ ವರದಿಯನ್ನು ‘ವ್ಯತ್ಯಯವಿಲ್ಲ’ ಎಂದು ಓದುವಂತಿಲ್ಲ.

ಕುಟುಂಬದ ವಂಶವಾಹಿ

ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ಕಾಯಿಲೆಯಲ್ಲಿ, ನೇರಳಾತೀತ ಕಿರಣ ಡಿಎನ್‌ಎಗೆ ಮಾಡಿದ ಹಾನಿಯನ್ನು ದೇಹ ಸರಿಪಡಿಸಲಾರದು. ಬಾಲ್ಯದಲ್ಲೇ ಮುಖದ ತುಂಬ ಕಂದುಚುಕ್ಕೆ, ಮುಂದೆ ಕ್ಯಾನ್ಸರ್. ತಂದೆತಾಯಿಗಳಿಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಅಪಾಯ. ಸೋದರಮಾವನಿಗೆ ಹೆತ್ತವರೊಬ್ಬರಿಂದ ಬಂದ ದೋಷ ಅಕ್ಕನ ಮಗಳಲ್ಲೂ ಇರುವ ಸಂಭವವೂ ನಾಲ್ಕರಲ್ಲೊಂದು.

ಯಾವ ವಂಶವಾಹಿ ಕೆಟ್ಟಿದೆಯೆಂಬುದು ಆರೈಕೆಯನ್ನೇ ಬದಲಿಸುತ್ತದೆ. ಎಕ್ಸ್‌ಪಿಎ ಆದರೆ ಬಿಸಿಲಿಗೆ ಚರ್ಮ ಸುಡುವುದಲ್ಲದೆ ನರಮಂಡಲವೂ ಕುಗ್ಗಬಹುದು. ಶ್ರವಣ ಪರೀಕ್ಷೆ ಬೇಕು. ಎಕ್ಸ್‌ಪಿಸಿ ಆದರೆ ಸಾಮಾನ್ಯವಾಗಿ ಸುಡದು. ಆದ್ದರಿಂದಲೇ ತಡವಾಗಿ ಪತ್ತೆಯಾಗುತ್ತದೆ. ಕ್ಯಾನ್ಸರ್ ಔಷಧವಾದ ಸಿಸ್‌ಪ್ಲಾಟಿನ್ ಡಿಎನ್‌ಎಗೆ ಮಾಡುವ ಹಾನಿಯನ್ನೂ ಇದೇ ದುರಸ್ತಿ ವ್ಯವಸ್ಥೆ ಸರಿಪಡಿಸಬೇಕಾದ್ದರಿಂದ, ಈ ರೋಗಿಗಳಿಗೆ ಅದು ಪ್ರಾಣಾಂತಕವಾಗಬಲ್ಲದು.

ಉಪಸಂಹಾರ

ಮಾದರಿಯೊಡನೆ ಹೋಗುವ ಕೋರಿಕೆ ಪತ್ರದಲ್ಲಿ ಎರಡು ಪ್ರಶ್ನೆಗಳು ಕಡ್ಡಾಯವಾಗಬೇಕು: ಗಡ್ಡೆ ದೇಹದ ಯಾವ ಭಾಗದ್ದು? ತಂದೆತಾಯಿ ಸಂಬಂಧಿಕರೇ? ಮೊದಲ ಉತ್ತರ ಗಡ್ಡೆಯಲ್ಲಿ ಬಿಆರ್‌ಎಎಫ್ ಜೊತೆ ಕಿಟ್ ಅನ್ನೂ ಓದಿಸುತ್ತದೆ. ಎರಡನೆಯದು, ಚಿಕ್ಕ ವಯಸ್ಸಿನ ರೋಗಿಯಾದರೆ, ಔಷಧ ಆರಿಸುವ ಮೊದಲೇ ರಕ್ತಪರೀಕ್ಷೆಯನ್ನೂ ಒಡಹುಟ್ಟಿದವರ ತಪಾಸಣೆಯನ್ನೂ ಮಾಡಿಸುತ್ತದೆ. ಈ ಎರಡಕ್ಕೂ ಹೊಸ ಯಂತ್ರ ಬೇಕಿಲ್ಲ.