ಹಗುರ ಮರ, ಹಾರುವ ಮಾದರಿ: ಗೋಕಾಕ ಸೀಮೆ ಮತ್ತು ಏರೋಮಾಡೆಲಿಂಗ್

ಮಾದರಿ ವಿಮಾನ ಹಾರಿಸುವ ಹವ್ಯಾಸ ಬಾಲ್ಸಾ ಮರಕ್ಕಿಂತ ಹಳೆಯದು. 1871ರ ಆಗಸ್ಟ್ 18ರಂದು ಪ್ಯಾರಿಸಿನ ಟ್ವಿಲರೀ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ಯುವಕ ತಿರುಚಿದ ರಬ್ಬರ್ ಎಳೆಯ ಬಲದಿಂದ ಸಣ್ಣ ವಿಮಾನವೊಂದನ್ನು ಹಾರಿಸಿದ. ಅದು ಗಾಳಿಯಲ್ಲಿದ್ದದ್ದು ಹನ್ನೊಂದು ಸೆಕೆಂಡು. ಹಿಂಬದಿಯ ಪುಟ್ಟ ರೆಕ್ಕೆಯನ್ನು ತುಸು ಕೆಳಮುಖ ಕೋನದಲ್ಲಿ ಕೂರಿಸಿದರೆ ವಿಮಾನ ತಾನಾಗಿ ಸಮತೋಲ ಕಾಯ್ದುಕೊಳ್ಳುತ್ತದೆ ಎಂಬುದನ್ನು ಆ ಹಾರಾಟ ತೋರಿಸಿಕೊಟ್ಟಿತು. ರೈಟ್ ಸೋದರರ ವಿಮಾನಕ್ಕೆ ಇನ್ನೂ ಮೂವತ್ತೆರಡು ವರ್ಷ ಬಾಕಿಯಿತ್ತು. ಮುಂದಿನ ಅರ್ಧ ಶತಮಾನ ಹವ್ಯಾಸಿಗಳು ಬಿದಿರಸೀಳು, ಸ್ಪ್ರೂಸ್ ಮರ, ರೇಷ್ಮೆ ಬಟ್ಟೆ, ಕಾಗದಗಳಲ್ಲೇ ಕೆಲಸ ಸಾಗಿಸಿದರು.

ದಕ್ಷಿಣ ಅಮೆರಿಕದ ಈಕ್ವೆಡಾರಿನ ಬಾಲ್ಸಾ ಈ ಹವ್ಯಾಸಕ್ಕೆ ವ್ಯಾಪಕವಾಗಿ ಒದಗಿದ್ದು 1920ರ ದಶಕದಿಂದೀಚೆಗೆ. ಅದು ಬಹು ಬೇಗ ಬೆಳೆಯುವ ಮರ. ಆರೆಂಟು ವರ್ಷಕ್ಕೆ ಕಡಿಯಲು ಬರುತ್ತದೆ. ಬೆಳೆಯುವಾಗ ಅದರ ಅಗಲವಾದ, ತೆಳುಗೋಡೆಯ ಕೋಶಗಳ ತುಂಬ ನೀರಿರುತ್ತದೆ. ಕಡಿದು ಗೂಡಿನಲ್ಲಿ ಒಣಗಿಸಿದ ಮೇಲೆ ಉಳಿಯುವುದು ಹೆಚ್ಚಾಗಿ ಗಾಳಿಯೇ. ಒಂದು ಘನ ಮೀಟರ್ ಸಾಗವಾನಿ ಸುಮಾರು 650 ಕಿಲೋ ತೂಗಿದರೆ ಬಾಲ್ಸಾ ಸರಾಸರಿ 160 ಕಿಲೋ. ಆದರೂ ಎಳೆಯ ಉದ್ದಕ್ಕೆ ಅದು ಗಟ್ಟಿ, ಬ್ಲೇಡಿಗೆ ಮೆತ್ತಗೆ, ಅಂಟಿಗೆ ಒಗ್ಗುತ್ತದೆ. ಈ ಗುಣಗಳೆಲ್ಲ ಒಂದೇ ಮರದಲ್ಲಿ ಸಿಗುವುದು ಅಪರೂಪ. ಬಾಲ್ಸಾ ಸಿಗುವ ಕಡೆ ಹವ್ಯಾಸ ಹಬ್ಬಿತು. ಸಿಗದ ಕಡೆ ಕಾಯಬೇಕಾಯಿತು.

ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಗೆ ಹಗುರ ಮರ ಹೊಸದೇನಲ್ಲ. ಸುತ್ತಲ ಗುಡ್ಡಗಳ ಹಗುರ ಮರದಿಂದಲೂ ಒಂದು ವಿಶೇಷ ಬಗೆಯ ಮಣ್ಣಿನಿಂದಲೂ ಇಲ್ಲಿ ಗೊಂಬೆ, ಹಣ್ಣುಗಳ ಪ್ರತಿರೂಪ ಮಾಡುತ್ತಾರೆ, ಅವು ದೂರದೂರಿಗೆ ಹೋಗಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತವೆ ಎಂದು 1908ರ ಇಂಪೀರಿಯಲ್ ಗೆಜೆಟಿಯರ್ ಗೋಕಾಕದ ಬಗ್ಗೆ ದಾಖಲಿಸಿದೆ. ಕುದುರೆಯ ಜೀನು ಮಾಡುವ ಕಸುಬಿನ ಹಿನ್ನೆಲೆಯ ಜೀನಗಾರರು ಈ ಕಲೆಯನ್ನು ಹಿಡಿದವರು. ಮಾವು, ಬಾಳೆ, ಸೀತಾಫಲಗಳನ್ನು ನಿಜದ ಹಣ್ಣೆಂದು ಕೈಚಾಚುವಷ್ಟು ಬಣ್ಣಗಟ್ಟಿ ತೋರಿಸುವುದಕ್ಕೆ ಅವರು ಹೆಸರುವಾಸಿ. ಕೊಪ್ಪಳ ಜಿಲ್ಲೆಯ ಕಿನ್ನಾಳ, ಕೊಂಕಣದ ಸಾವಂತವಾಡಿ, ಆಂಧ್ರದ ಕೊಂಡಪಲ್ಲಿ ಈ ಊರುಗಳ ಗೊಂಬೆಗಳೂ ಹೀಗೆ ತಂತಮ್ಮ ಕಾಡಿನ ಹಗುರ ಮರವನ್ನೇ ನೆಚ್ಚಿಕೊಂಡವು. ಆದರೆ ಗೊಂಬೆಯವನಿಗೆ ಬೇಕಿದ್ದುದು ಉಳಿಗೆ ಎದುರಾಡದ, ಬಣ್ಣ ಕಚ್ಚಿಕೊಳ್ಳುವ ಮರ. ಹಗುರವಾಗಿರುವುದು ಸಾಗಿಸುವಾಗ ಸಿಗುವ ಹೆಚ್ಚಿನ ಲಾಭವಷ್ಟೇ. ವಿಮಾನ ಕಟ್ಟುವವನಿಗೆ ಬೇಕಾದದ್ದು ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ಸೀಳಿದರೂ ಮುರಿಯದ, ನೇರ ಎಳೆಯ ಹಲಗೆ. ಹೀಗಾಗಿ ಕೈಚಳಕ ಊರಲ್ಲೇ ಇದ್ದರೂ ಅದು ತಾನಾಗಿ ವಿಮಾನದತ್ತ ತಿರುಗುವ ಕಾರಣವಿರಲಿಲ್ಲ. ವಿಮಾನದ ವಿದ್ಯೆ ಬರಬೇಕಾದದ್ದು ಬೇರೆ ಬಾಗಿಲಿನಿಂದ.

ಆ ಬಾಗಿಲು ತೆರೆದದ್ದು ಎರಡನೇ ಮಹಾಯುದ್ಧ. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಆರಂಭಿಸಿದರು. 1942ರಲ್ಲಿ ಬ್ರಿಟಿಷ್ ವಾಯುಪಡೆ ಬೆಳಗಾವಿಯ ಪಕ್ಕದ ಸಾಂಬ್ರಾದಲ್ಲಿ ಓಡುದಾರಿ ಕಟ್ಟಿತು. ಸ್ವಾತಂತ್ರ್ಯಾನಂತರ ಅದೇ ನೆಲ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರವಾಯಿತು. ಅದೇ ಯುದ್ಧದಲ್ಲಿ ಬಾಲ್ಸಾ ಕೂಡ ಸೈನ್ಯ ಸೇರಿತ್ತು. ಡಿ ಹ್ಯಾವಿಲೆಂಡ್ ಕಂಪನಿಯ ಮಾಸ್ಕಿಟೊ ಬಾಂಬರಿನ ಒಡಲು ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ತುಂಬಿ ಮಾಡಿದ್ದು. ಭಾರತಕ್ಕೆ ಬಂದ ಮಾಸ್ಕಿಟೊಗಳಲ್ಲಿ ರೆಕ್ಕೆಯ ಜೋಡಣೆ ಬಿಟ್ಟುಕೊಂಡ ಪ್ರಕರಣಗಳಾಗಿ 1944ರ ಕೊನೆಗೆ ಅವನ್ನು ಕೆಲಕಾಲ ನೆಲಕ್ಕಿಳಿಸಬೇಕಾಯಿತು. ತಯಾರಿಕೆಯ ದೋಷವೆಷ್ಟು, ಇಲ್ಲಿನ ತೇವವೆಷ್ಟು ಎಂಬ ವಾದ ಆಗ ನಡೆಯಿತು. ಮಳೆಗಾಲದಲ್ಲಿ ಕಾಗದ ಹೊದಿಸಿದ ಮಾದರಿಯ ರೆಕ್ಕೆ ಸೊಟ್ಟಗಾಗುವುದನ್ನು ಕಂಡವರಿಗೆ ಆ ವಾದದ ಎರಡೂ ಪಕ್ಷ ಅರ್ಥವಾಗುತ್ತವೆ.

ಈ ಸೀಮೆಗೆ ಹತ್ತಿರದ ಒಬ್ಬ ವ್ಯಕ್ತಿಯ ಹೆಸರು ಭಾರತದ ವಿಮಾನ ವಿನ್ಯಾಸದ ಮೊದಲ ಪುಟದಲ್ಲಿದೆ. ವಿಷ್ಣು ಮಾಧವ ಘಾಟಗೆ 1908ರಲ್ಲಿ ಹುಟ್ಟಿದ ಹಸೂರಚಂಪು, ಕೊಲ್ಲಾಪುರ ಜಿಲ್ಲೆಯ ಹಳ್ಳಿ. ಗೋಕಾಕದ ನೆರೆಯ ಹುಕ್ಕೇರಿ ತಾಲೂಕಿನ ಸಂಕೇಶ್ವರಕ್ಕೆ ದೂರವಲ್ಲ. ಅವರು ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಬಳಿ ಡಾಕ್ಟರೇಟ್ ಮಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದರು. ದೇಶದಲ್ಲೇ ವಿನ್ಯಾಸಗೊಂಡು 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನ ಅವರ ಮುಂದಾಳತ್ವದ್ದು. 1958ರಲ್ಲಿ ಬಂದ ಪುಷ್ಪಕ್ ಎಂಬ ಎರಡು ಆಸನದ ಪುಟ್ಟ ವಿಮಾನ ಫ್ಲೈಯಿಂಗ್ ಕ್ಲಬ್ಬುಗಳ ಮನೆಮಾತಾಯಿತು. ಬಟ್ಟೆ ಹೊದಿಸಿ, ಅದನ್ನು ಬಿಗಿಸುವ ಡೋಪ್ ಎಂಬ ವಾರ್ನಿಷ್ ಬಳಿಯುವ ಪುಷ್ಪಕ್ ಮೈಯ ಕ್ರಮವೂ ಬಾಲ್ಸಾ ಮಾದರಿಯ ಕ್ರಮವೂ ಮೂಲದಲ್ಲಿ ಒಂದೇ.

ಹುಡುಗರ ಕೈಗೆ ಮಾದರಿ ಕೊಟ್ಟದ್ದು ಎನ್‌ಸಿಸಿ. ಅದರ ವಾಯುದಳ 1950ರ ಏಪ್ರಿಲ್ 1ರಂದು ಮುಂಬಯಿ ಹಾಗೂ ಕೋಲ್ಕತ್ತದ ಒಂದೊಂದು ಸ್ಕ್ವಾಡ್ರನ್ನಿನಿಂದ ಶುರುವಾಯಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ವಾಯುದಳದ ಪಾಠದಲ್ಲಿ ಏರೋಮಾಡೆಲಿಂಗ್ ಒಂದು ವಿಷಯ; ಅಖಿಲ ಭಾರತ ವಾಯುಸೈನಿಕ ಶಿಬಿರದಲ್ಲಿ ಇಂದಿಗೂ ಅದರ ಸ್ಪರ್ಧೆ ನಡೆಯುತ್ತದೆ. ಭಾರತದಲ್ಲಿ ಈ ಹವ್ಯಾಸ ಮನೆಯ ಜಗಲಿಯಲ್ಲಿ ಹುಟ್ಟಲಿಲ್ಲ, ಸಂಸ್ಥೆಗಳ ಆಸರೆಯಲ್ಲಿ ಬೆಳೆಯಿತು ಎನ್ನುವುದಕ್ಕೆ ಕಾರಣ ಇಲ್ಲಿದೆ. ಬಾಲ್ಸಾ, ಎಂಜಿನ್, ರೇಡಿಯೊ ಮೂರೂ ಹೊರದೇಶದಿಂದ ಬರಬೇಕಿತ್ತು. ಆಮದು ಪರವಾನಗಿಯ ಆ ಕಾಲದಲ್ಲಿ ಖಾಸಗಿಯವನೊಬ್ಬ ಅವನ್ನು ತರಿಸಿಕೊಳ್ಳುವುದು ಸುಲಭವಿರಲಿಲ್ಲ.

ಕಲಿಕೆಗೆ ಒಂದು ಕ್ರಮವಿತ್ತು. ಮೊದಲು ಕೈಯಿಂದ ಎಸೆಯುವ ಗ್ಲೈಡರ್, ಆಮೇಲೆ ರಬ್ಬರಿನದು, ಆಮೇಲೆ ಎಂಜಿನ್ ಇಟ್ಟ ಕಂಟ್ರೋಲ್ ಲೈನ್, ಕೊನೆಗೆ ರೇಡಿಯೊ. ಕಟ್ಟುವಾಗ ನಕ್ಷೆಯನ್ನು ಹಲಗೆಯ ಮೇಲೆ ಹರಡಿ, ಅಂಟು ಹಿಡಿಯದಂತೆ ಮೇಣದ ಕಾಗದ ಹೊದಿಸಿ, ಗುಂಡುಸೂಜಿಯಿಂದ ಬಾಲ್ಸಾ ಕಡ್ಡಿಗಳನ್ನು ಗೆರೆಗೆ ಸರಿಯಾಗಿ ನಿಲ್ಲಿಸುತ್ತಾರೆ. ರೆಕ್ಕೆಯ ಅಡ್ಡಪಕ್ಕೆಗಳಾದ ರಿಬ್‌ಗಳನ್ನೆಲ್ಲ ಒಂದೇ ಅಚ್ಚಿನಿಂದ ಕೊಯ್ದು ರೆಕ್ಕೆಯುದ್ದದ ತೊಲೆಯಾದ ಸ್ಪಾರಿಗೆ ಪೋಣಿಸುತ್ತಾರೆ. ಮೇಲೆ ಟಿಶ್ಯೂ ಕಾಗದ ಅಂಟಿಸಿ ನೀರು ಚಿಮುಕಿಸಿದರೆ ಅದು ಒಣಗುತ್ತ ಬಿಗಿಯುತ್ತದೆ, ಅನಂತರ ಡೋಪ್. ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ತೂಕದ ಲೆಕ್ಕ. ಬಾಲದಲ್ಲಿ ಹತ್ತು ಗ್ರಾಂ ಹೆಚ್ಚಾದರೆ ಮೂತಿಗೆ ಅದರ ಎರಡು ಮೂರು ಪಟ್ಟು ಸೀಸ ಇಡಬೇಕಾಗುತ್ತದೆ. ಕಂಟ್ರೋಲ್ ಲೈನ್ ಪದ್ಧತಿಯಲ್ಲಿ ಹಾರಿಸುವವನು ನಡುವೆ ನಿಂತು ಎರಡು ತಂತಿ ಹಿಡಿದು ವಿಮಾನವನ್ನು ತನ್ನ ಸುತ್ತ ತಿರುಗಿಸುತ್ತಾನೆ. ಅದಕ್ಕೆ ಶಾಲೆಯ ಮೈದಾನ ಸಾಕು, ರೇಡಿಯೊ ಬೇಡ. ಕೆಡೆಟ್‌ಗಳ ನಡುವೆ ಅದು ಉಳಿದುಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಧನದ ಕತೆ ಬೇರೆ. ಡೀಸೆಲ್ ಎಂದು ಕರೆಯುವ ಪುಟ್ಟ ಎಂಜಿನ್ನಿಗೆ ಸೀಮೆಎಣ್ಣೆ, ಔಡಲೆಣ್ಣೆ, ಈಥರ್ ಮೂರನ್ನು ಬೆರೆಸಬೇಕು. ಮೊದಲೆರಡು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಂತೆಗೆ ಪರಿಚಿತವಾದವೇ. ಈಥರ್ ಮಾತ್ರ ಪ್ರಯೋಗಾಲಯದ ಸರಕು. 1947ರ ಸುಮಾರಿಗೆ ಅಮೆರಿಕದ ರೇ ಆರ್ಡನ್ ಬಳಕೆಗೆ ತಂದ ಗ್ಲೋ ಪ್ಲಗ್ ಎಂಜಿನ್ನಿಗೆ ಮೆಥನಾಲ್ ಬೇಕು. ಅದೂ ಕಿರಾಣಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಎರಡಕ್ಕೂ ಸಾಮಾನ್ಯವಾದದ್ದು ಔಡಲೆಣ್ಣೆ: ಕಾದ ಎಂಜಿನ್ನಿನಲ್ಲಿ ಅದರಷ್ಟು ನಂಬಿಕೆಯ ಜಾರೆಣ್ಣೆ ಆಗ ಬೇರೆ ಇರಲಿಲ್ಲ.

ರೇಡಿಯೊ ನಿಯಂತ್ರಣವನ್ನು ಸಾಧ್ಯವೆಂದು ತೋರಿಸಿದವರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ಪ್ರಮುಖರು. 1937ರಲ್ಲಿ ಹಾರಿದ ಅವರ ಗಫ್ ಎಂಬ ವಿಮಾನ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅಂದಿನ ವಾಲ್ವ್ ರಿಸೀವರು, ಬ್ಯಾಟರಿಗಳ ಭಾರ ಹೊರಲೆಂದೇ ವಿಮಾನಗಳು ದೊಡ್ಡವಾಗಬೇಕಿತ್ತು. ಗುಂಡಿ ಒತ್ತಿದರೆ ಚುಕ್ಕಾಣಿ ಪೂರ್ತಿ ಎಡಕ್ಕೆ, ಇಲ್ಲವೇ ಪೂರ್ತಿ ಬಲಕ್ಕೆ. ನಡುವೆ ಏನೂ ಇಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ, 1960ರ ದಶಕದಲ್ಲಿ, ಕೈ ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ವ್ಯವಸ್ಥೆ ರೂಢಿಗೆ ಬಂತು. ಭಾರತದಲ್ಲಿ ಇದಕ್ಕೆ ಇನ್ನೊಂದು ತೊಡಕಿತ್ತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ತಪ್ಪಾಗಿತ್ತು. 2005ರ ಜನವರಿಯಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿ ವಿನಾಯಿತಿ ಕೊಟ್ಟಿತು. ಅದರ ಉದ್ದೇಶ ವೈ-ಫೈ, ಬ್ಲೂಟೂತ್‌ಗಳಿಗೆ ಅನುಕೂಲ ಮಾಡುವುದು. ಮಾದರಿ ವಿಮಾನದ ಟ್ರಾನ್ಸ್‌ಮಿಟರುಗಳೂ ಆ ವೇಳೆಗೆ ಅದೇ ಪಟ್ಟಿಗೆ ಬರುತ್ತಿದ್ದವು. ಒಬ್ಬನ ತರಂಗ ಇನ್ನೊಬ್ಬನ ವಿಮಾನವನ್ನು ಬೀಳಿಸುವ ಹಳೆಯ ಕಾಟವೂ ಬಹುಪಾಲು ತಪ್ಪಿತು.

ಅದೇ ದಶಕದಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ, ಬ್ರಶ್‌ಲೆಸ್ ಮೋಟರು, ಚುಕ್ಕಾಣಿ ತಿರುಗಿಸುವ ಅಗ್ಗದ ಸರ್ವೋಗಳು ಬಂದು ಎಂಜಿನ್ನಿನ ಜಾಗ ಹಿಡಿದವು. ಹೊಸಬರಿಗೆ ಬಾಲ್ಸಾದ ಬದಲು ಫೋಮ್ ಹಾಳೆ, ಥರ್ಮಾಕೋಲ್ ಒದಗಿತು; ಬಿದ್ದರೆ ಅಂಟಿಸಿ ಸಂಜೆಗೇ ಮತ್ತೆ ಹಾರಿಸಬಹುದು. ಹವ್ಯಾಸದ ಎರಡನೇ ಆಸರೆ ಎಂಜಿನಿಯರಿಂಗ್ ಕಾಲೇಜುಗಳಾದವು. ಈ ಸೀಮೆಯಲ್ಲಿ ಅದಕ್ಕೆ ಬೇಕಾದ ನೆಲ ಆಗಲೇ ಹದವಾಗಿತ್ತು: ಹುಕ್ಕೇರಿ ತಾಲೂಕಿನ ನಿಡಸೋಶಿಯಲ್ಲಿ 1996ರಲ್ಲಿ ಹಿರಾಶುಗರ್ ತಾಂತ್ರಿಕ ಕಾಲೇಜು, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. 2009ರಿಂದ ಹುಕ್ಕೇರಿ ತಾಲೂಕಿನ ಹತ್ತರಗಿಯ ವಿಶೇಷ ಆರ್ಥಿಕ ವಲಯದಲ್ಲಿ, ಈಗ ಏಕಸ್ ಹೆಸರಿನ ಕಂಪನಿಯ ಆಶ್ರಯದಲ್ಲಿ, ದೊಡ್ಡ ಪ್ರಯಾಣಿಕ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಅದೇ ಕಂಪನಿ ಆಟಿಕೆಗಳ ತಯಾರಿಕೆಗೂ ಕೈಹಾಕಿ ಕೊಪ್ಪಳ ಜಿಲ್ಲೆಯಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿತು. ಗೋಕಾಕ, ಕಿನ್ನಾಳಗಳ ಗೊಂಬೆಯ ಕಸುಬಿಗೂ ಇದಕ್ಕೂ ಜಿಲ್ಲೆಯ ಹೆಸರು ಬಿಟ್ಟರೆ ನಂಟಿಲ್ಲ. ಆ ಕ್ಲಸ್ಟರಿನಲ್ಲಿ ಬಳಕೆಯಾಗುವುದು ಪ್ಲಾಸ್ಟಿಕ್ ಅಚ್ಚು.

ಕಾನೂನು ಹವ್ಯಾಸವನ್ನು ಹೆಸರು ಹಿಡಿದು ಗುರುತಿಸಿದ್ದು ಡ್ರೋನ್‌ಗಳಿಂದಾಗಿ. 2021ರ ಡ್ರೋನ್ ನಿಯಮಗಳಲ್ಲಿ, ಶಿಕ್ಷಣ, ಸಂಶೋಧನೆ, ಪರೀಕ್ಷೆ ಅಥವಾ ಮನರಂಜನೆಗೆಂದು ಕಣ್ಣಳತೆಯೊಳಗೆ ಹಾರಿಸುವ, ಒಟ್ಟು 25 ಕಿಲೋ ಮೀರದ ವಿಮಾನ ‘ಮಾದರಿ’ ಎನಿಸಿಕೊಳ್ಳುತ್ತದೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ವಿಮಾನ ನಿಲ್ದಾಣದ ಸುತ್ತಲಿನ 12 ಕಿಲೋಮೀಟರ್‌ವರೆಗೆ ನಿರ್ಬಂಧಗಳಿವೆ. ಗೋಕಾಕ, ಹುಕ್ಕೇರಿ, 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ ಈ ಮೂರು ಊರುಗಳೂ ಸಾಂಬ್ರಾದಿಂದ ಆ ಅಳತೆಯಾಚೆಗಿವೆ. ಕಾನೂನು ಬಿಟ್ಟರೂ ಹಾರಿಸುವ ಜಾಗ ಆರಿಸಬೇಕು: ಕಬ್ಬಿನ ಗದ್ದೆಯಲ್ಲಿ ಬಿದ್ದ ವಿಮಾನವನ್ನು ಹುಡುಕುವುದು ಕಷ್ಟ. ಬಯಲು ಮಡ್ಡಿಯೇ ಅನುಕೂಲ.

ಬಾಲ್ಸಾ ಪೂರ್ತಿ ಹಿಂದೆ ಸರಿದಿಲ್ಲ. ಸ್ಪರ್ಧೆಯ ಗ್ಲೈಡರುಗಳಿಗೆ, ನಿಜ ವಿಮಾನದ ಅಳತೆ ಹಿಡಿದು ಕಟ್ಟುವ ಮಾದರಿಗಳಿಗೆ ಅದು ಈಗಲೂ ಬೇಕು. ರಿಬ್‌ಗಳನ್ನು ಬ್ಲೇಡಿನ ಬದಲು ಲೇಸರ್ ಕೊಯ್ಯುತ್ತದೆ. 2020ರ ಸುಮಾರಿಗೆ ಗಾಳಿಯಂತ್ರಗಳ ಅಲಗಿನ ಒಳತಿರುಳಿಗೆ ಬಾಲ್ಸಾದ ಬೇಡಿಕೆ ಏರಿ, ಮುಖ್ಯವಾಗಿ ಚೀನಾದ ಖರೀದಿಯಿಂದ, ಈಕ್ವೆಡಾರಿನಲ್ಲಿ ಬೆಲೆ ಜಿಗಿಯಿತು. ಹವ್ಯಾಸಿಗಳಿಗೆ ಸಿಗುವ ಹಲಗೆಯೂ ದುಬಾರಿಯಾಯಿತು. ಗಾಳಿಯಂತ್ರದ ಕಂಪನಿಗಳು ಆಮೇಲೆ ಬಾಲ್ಸಾದ ಜಾಗಕ್ಕೆ ಪಿಇಟಿ ಫೋಮನ್ನು ಹೆಚ್ಚು ಹೆಚ್ಚಾಗಿ ತಂದಿವೆ.