ಕೆಮ್ಮಣ್ಣಿನಿಂದ ಕೋಕೋಪೀಟಿಗೆ: ಬೆಂಗಳೂರಿನ ತಾರಸಿ ಕುಂಡಗಳಲ್ಲಿ ಮಿಶ್ರಣಕ್ಕೂ ಗೊಬ್ಬರಕ್ಕೂ ಇರುವ ನಂಟು

ಬೆಂಗಳೂರಿನ ಹಳೆಯ ನರ್ಸರಿಗಳಲ್ಲಿ ಕುಂಡ ತುಂಬುವ ಲೆಕ್ಕ ಸರಳವಾಗಿತ್ತು: ಎರಡು ಬುಟ್ಟಿ ಕೆಮ್ಮಣ್ಣು, ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ. ಇಂದು ತಾರಸಿಗಳ ಮೇಲೆ ಕೆಮ್ಮಣ್ಣಿನ ಜಾಗವನ್ನು ಬಹುಪಾಲು ಕೋಕೋಪೀಟ್ ಹಿಡಿದಿದೆ. ಗೊಬ್ಬರ ಹಾಕುವ ರೂಢಿ ಮಾತ್ರ ಕೆಮ್ಮಣ್ಣಿನ ಕಾಲದ್ದೇ: ತಿಂಗಳಿಗೊಂದು ಹಿಡಿ ಗೊಬ್ಬರ, ಆಗಾಗ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ನೆನಪಾದಾಗ ಮೊಟ್ಟೆ ಚಿಪ್ಪಿನ ಪುಡಿ. ತಾರಸಿ ಗಿಡಗಳ ಬಹಳಷ್ಟು ಕಾಯಿಲೆಗಳ ಮೂಲ ಈ ಹೊಂದಾಣಿಕೆಯಿಲ್ಲದ ರೂಢಿಯಲ್ಲಿದೆ ಎಂಬುದು ಈ ಲೇಖನದ ವಾದ. ಯಾವ ಗೊಬ್ಬರ, ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಗಿಡದ ಹೆಸರಿಗಿಂತ ಮೊದಲು ಕುಂಡದೊಳಗಿನ ಮಿಶ್ರಣವೇ ತೀರ್ಮಾನಿಸುತ್ತದೆ.

ಕೆಮ್ಮಣ್ಣು ತಾರಸಿಯಿಂದ ಇಳಿದದ್ದಕ್ಕೆ ಮೊದಲ ಕಾರಣ ಭಾರ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನೀರು ಕುಡಿದ ಕೆಮ್ಮಣ್ಣಿನ ತೂಕ ಘನ ಮೀಟರಿಗೆ 1,700 ಕಿಲೋದಷ್ಟು ಎಂದಿಟ್ಟುಕೊಂಡರೆ, 30 ಸೆಂಟಿಮೀಟರ್ ಆಳದ ಸೊಪ್ಪಿನ ಮಡಿಯೊಂದೇ ಚದರ ಮೀಟರಿಗೆ 510 ಕಿಲೋ ತೂಗುತ್ತದೆ, ಆ ಮಿತಿಯ ಮೂರು ಪಟ್ಟಿಗೂ ಹೆಚ್ಚು. ಕೋಕೋಪೀಟ್ ಹೆಚ್ಚಿರುವ ಮಿಶ್ರಣ ಒದ್ದೆಯಾದಾಗಲೂ ಇದರ ಅರ್ಧದ ಆಸುಪಾಸಿನಲ್ಲಿರುತ್ತದೆ. ಮರಳಿನ ಕಥೆ ಬೇರೆ. ನದಿ ಮರಳು ದುಬಾರಿಯಾಗಿ ಎಂ-ಸ್ಯಾಂಡ್ ಬಂತು. ಅದರ ನುಣ್ಣನೆಯ ಕಲ್ಲುಪುಡಿ ಕೆಮ್ಮಣ್ಣಿನ ಜೇಡಿಯೊಡನೆ ಸೇರಿದರೆ ಕುಂಡದೊಳಗೆ ಗಾರೆಯೇ ಆದೀತು. ಜರಡಿ ಹಿಡಿದು ತೊಳೆಯದೆ ಅದನ್ನು ಬಳಸಬಾರದು.

ಹೊಲದಲ್ಲಿ ಒಳ್ಳೆಯದಾದ ಮಣ್ಣು ಕುಂಡದಲ್ಲಿ ಕೆಡುವುದು ಏಕೆ? ಹೊಲದ ಮಣ್ಣಿನ ಕೆಳಗೆ ಮತ್ತೂ ಮಣ್ಣಿದೆ; ಒಳಕ್ಕೆಳೆಯುವ ಆ ಆಳವೇ ಮೇಲಿನ ಪದರವನ್ನು ಬಸಿಯುತ್ತದೆ. ಕುಂಡದ ಮಣ್ಣು ತೂತಿನಲ್ಲಿ ಥಟ್ಟನೆ ಮುಗಿಯುತ್ತದೆ. ಅಲ್ಲಿ ನೀರಿಗೆ ಕೆಳಗಿನ ಸೆಳೆತ ತಪ್ಪಿ, ಮಣ್ಣಿನ ಸಣ್ಣ ಸಂದುಗಳ ಹಿಡಿತ ಗೆದ್ದು, ತಳದಲ್ಲಿ ಒಂದು ತುಂಬುನೀರಿನ ಪದರ ನಿಂತುಬಿಡುತ್ತದೆ. ಈ ಪದರದ ಎತ್ತರ ಸಂದುಗಳ ಅಗಲದಿಂದ ನಿರ್ಧಾರವಾಗುತ್ತದೆ. ಕುಂಡ ದೊಡ್ಡದೋ ಚಿಕ್ಕದೋ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಭೌತಶಾಸ್ತ್ರದ ಸರಳ ಸೂತ್ರದಂತೆ 0.3 ಮಿಲಿಮೀಟರ್ ಅಗಲದ ಸಂದು ನೀರನ್ನು ಸುಮಾರು 10 ಸೆಂಟಿಮೀಟರ್ ಎತ್ತಿ ಹಿಡಿಯುತ್ತದೆ. ಅದೇ ಮಿಶ್ರಣ ತುಂಬಿದ 30 ಸೆಂಟಿಮೀಟರ್ ಕುಂಡದಲ್ಲಿ ಬೇರಿಗೆ 20 ಸೆಂಟಿಮೀಟರ್ ಉಸಿರಾಟದ ಜಾಗ ಉಳಿದರೆ, 15 ಸೆಂಟಿಮೀಟರಿನದರಲ್ಲಿ ಉಳಿಯುವುದು ಐದೇ.

ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರು ಹಾಕಿದರೆ ನೀರು ಬಸಿಯುತ್ತದೆಂಬ ನಂಬಿಕೆಯನ್ನು ಇಲ್ಲಿ ಕೈಬಿಡಬೇಕಾಗುತ್ತದೆ. ನುಣುಪಾದ ಪದರದಿಂದ ದೊರಗು ಪದರಕ್ಕೆ ನೀರು ಇಳಿಯಬೇಕಾದರೆ ಮೇಲಿನದು ಪೂರ್ತಿ ತೊಯ್ದು ತುಂಬಲೇಬೇಕು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಾಲ್ಟರ್ ಗಾರ್ಡನರ್ 1959ರಲ್ಲಿ ಇದನ್ನು ಚಲನಚಿತ್ರವಾಗಿಯೇ ಸೆರೆಹಿಡಿದು ತೋರಿಸಿದರು. ಎರಡಂಗುಲ ಜಲ್ಲಿ ಹಾಕಿದವರು ಕೆಸರನ್ನು ಎರಡಂಗುಲ ಮೇಲಕ್ಕೆತ್ತಿದ್ದಾರೆ, ಅಷ್ಟೇ. ತೂತು ಮುಚ್ಚದಂತೆ ಒಂದು ಹೆಂಚಿನ ಚೂರು ಸಾಕು. ಮಣ್ಣಿನ ಕುಂಡ ತನ್ನ ಮೈಯಿಂದಲೂ ನೀರನ್ನು ಆರಿಸುವುದರಿಂದ ಈ ತಪ್ಪುಗಳನ್ನು ಒಂದಷ್ಟು ಕ್ಷಮಿಸುತ್ತಿತ್ತು. ಪ್ಲಾಸ್ಟಿಕ್ ಕುಂಡಕ್ಕೆ ಆ ಔದಾರ್ಯವಿಲ್ಲ.

ಪಶ್ಚಿಮದವರು ಈ ಸಮಸ್ಯೆಯನ್ನು ಮೊದಲು ಎದುರಿಸಿದ್ದು ರೋಗದ ದಾರಿಯಿಂದ. 1930ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನಿಸ್ ತೋಟಗಾರಿಕಾ ಸಂಸ್ಥೆಯಲ್ಲಿ ಡಬ್ಲ್ಯು. ಜೆ. ಸಿ. ಲಾರೆನ್ಸ್ ಮತ್ತು ಜೆ. ನ್ಯೂವೆಲ್ ಅವರು ಹಬೆಯಲ್ಲಿ ಬೇಯಿಸಿ ಶುದ್ಧಗೊಳಿಸಿದ ಗೋಡುಮಣ್ಣು ಏಳು, ಪೀಟ್ ಮೂರು, ಮರಳು ಎರಡು ಪಾಲಿನ ಮಿಶ್ರಣವನ್ನು ರೂಪಿಸಿದರು. 1957ರಲ್ಲಿ ಕೆನೆತ್ ಬೇಕರ್ ಸಂಪಾದಿಸಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೈಪಿಡಿ ಗೋಡುಮಣ್ಣನ್ನೇ ಬಿಟ್ಟು ನಯ ಮರಳು ಮತ್ತು ಪೀಟಿಗೆ ಬಂತು. 1960ರ ದಶಕದಲ್ಲಿ ಕಾರ್ನೆಲ್‌ನ ಬೂಡ್ಲೆ ಮತ್ತು ಶೆಲ್ಡ್ರೇಕ್ ಅವರ ಮಿಶ್ರಣಗಳಲ್ಲಿ ಮರಳಿನ ಬದಲು ವರ್ಮಿಕ್ಯುಲೈಟ್, ಪರ್ಲೈಟ್ ಸೇರಿದವು. ಈ ಮೂರೂ ಪಾಕಗಳಲ್ಲಿ ಗೊಬ್ಬರದ ಪ್ರಮಾಣ ಮಿಶ್ರಣದ ಅಂಗವಾಗಿಯೇ ಬರೆಯಲ್ಪಟ್ಟಿತ್ತೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಾವು ಪೀಟಿನ ಬದಲಿ ವಸ್ತುವನ್ನು ತಂದುಕೊಂಡೆವು, ಪಾಕದ ಉಳಿದರ್ಧವನ್ನು ತರಲಿಲ್ಲ.

ಆ ಬದಲಿ ವಸ್ತು ನಮ್ಮ ಹಿತ್ತಲಿನದೇ. ತಿಪಟೂರು, ಅರಸೀಕೆರೆ ಕಡೆ ಕಾಯಿಮಟ್ಟೆಯಿಂದ ನಾರು ಬಿಡಿಸುವಾಗ ಉದುರುವ ಪುಡಿಯೇ ಕೋಕೋಪೀಟ್. ಅದರ ಮುಕ್ಕಾಲು ಗುಣ ನಿಜಕ್ಕೂ ಮೆಚ್ಚುವಂಥದ್ದು: ಹಗುರ, ನೀರನ್ನು ಹಿಡಿದೂ ಗಾಳಿಗೆ ಎಡೆ ಕೊಡುತ್ತದೆ, ಒಣಗಿದರೂ ಮತ್ತೆ ಸುಲಭವಾಗಿ ನೀರು ಹೀರುತ್ತದೆ. ತೊಂದರೆಗಳು ಎರಡು. ಒಂದು, ಲವಣ. ಕಾಯಿಮಟ್ಟೆಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಇರುತ್ತವೆ. ಹಿನ್ನೀರಿನ ಉಪ್ಪುನೀರಲ್ಲಿ ಕೊಳೆಹಾಕಿದ ಮಟ್ಟೆಯ ಪುಡಿಯಲ್ಲಿ ಸೋಡಿಯಂ ಇನ್ನೂ ಹೆಚ್ಚು. ಬರಿ ನೀರಲ್ಲಿ ತೊಳೆದರೆ ಸಡಿಲವಾದ ಉಪ್ಪು ಹೋಗುತ್ತದೆ. ಕಣಗಳಿಗೆ ಅಂಟಿಕೊಂಡ ಪೊಟ್ಯಾಸಿಯಂ, ಸೋಡಿಯಂ ಹೋಗುವುದಿಲ್ಲ. ಅವು ಜಾಗ ಬಿಡಬೇಕಾದರೆ ಕ್ಯಾಲ್ಸಿಯಂ ಬಂದು ತಳ್ಳಬೇಕು. ಹಾಗಾಗಿಯೇ ವೃತ್ತಿನಿರತ ಬೆಳೆಗಾರರು ಕೋಕೋಪೀಟನ್ನು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಬಸಿಯುತ್ತಾರೆ.

ಎರಡನೆಯದು ಸಾರಜನಕದ ಕಳ್ಳತನ. ಹಸಿ ಪುಡಿಯಲ್ಲಿ ಇಂಗಾಲ–ಸಾರಜನಕದ ಅನುಪಾತ ನೂರಕ್ಕೆ ಒಂದನ್ನೂ ಮೀರುತ್ತದೆ. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ನಾವು ಗಿಡಕ್ಕೆಂದು ಹಾಕಿದ್ದರಲ್ಲೇ ತೆಗೆದುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಪ್ಲೂರೋಟಸ್ ಅಣಬೆ ಮತ್ತು ಟನ್ನಿಗೆ 5 ಕಿಲೋ ಯೂರಿಯಾ ಬಳಸಿ ಈ ಅನುಪಾತವನ್ನು 112ರಿಂದ 24ರ ಸುಮಾರಿಗೆ ಇಳಿಸುವ ವಿಧಾನವನ್ನು ಜನಪ್ರಿಯಗೊಳಿಸಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ಹುದುಗಿಸಿ ಹದಗೊಳಿಸಿದ ಉತ್ಪನ್ನ. ಅಂಗಡಿಯ ಇಟ್ಟಿಗೆಯಾಕಾರದ ಬ್ಲಾಕ್ ಕೊಳ್ಳುವವರು ಬೆಲೆಗಿಂತ ಮೊದಲು ಅದು ತೊಳೆದದ್ದೋ, ಹದಗೊಳಿಸಿದ್ದೋ ಎಂದು ಕೇಳುವುದು ಒಳ್ಳೆಯದು.

ಈಗ ಬಾಳೆಸಿಪ್ಪೆಯ ನೀರನ್ನು ನೋಡಿ. ಅದರಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಸಿಯಂ. ಕೆಮ್ಮಣ್ಣಿನ ಕುಂಡದಲ್ಲಿ ಅದರಿಂದ ಅಷ್ಟು ಕೇಡಿರಲಿಲ್ಲ. ಪೊಟ್ಯಾಸಿಯಂನಿಂದ ತುಂಬಿ ಬಂದಿರುವ ಕೋಕೋಪೀಟಿಗೆ ಮತ್ತದನ್ನೇ ಸುರಿದರೆ ಬೇರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರುವುದಕ್ಕೆ ಅಡ್ಡಿಯಾಗುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದು ಕಾಯಿಗೆ ಕ್ಯಾಲ್ಸಿಯಂ ತಲುಪದ್ದರ ಗುರುತು. ನೀರು ಏರುಪೇರಾದರೂ ಹೀಗೇ ಆಗುತ್ತದೆ. ಆಗ ನೆರವಿಗೆ ಕರೆಯುವ ಮೊಟ್ಟೆ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕರಗುವಷ್ಟರಲ್ಲಿ ಟೊಮೆಟೊ ಗಿಡದ ಆಯಸ್ಸೇ ಮುಗಿದಿರುತ್ತದೆ.

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡ 0.5ರಷ್ಟು. 10 ಲೀಟರ್ ಕುಂಡಕ್ಕೆ 2 ಕಿಲೋ ಬೆರೆಸಿದರೆ ಲೆಕ್ಕಕ್ಕೆ 10 ಗ್ರಾಂ ಸಾರಜನಕ. ಆದರೆ ಒಂದು ವರ್ಷದಲ್ಲಿ ಗಿಡಕ್ಕೆ ದಕ್ಕುವುದು ಅದರಲ್ಲೊಂದು ಪಾಲು ಮಾತ್ರ. ಬೇವಿನ ಹಿಂಡಿ, ಹೊಂಗೆ ಹಿಂಡಿಗಳಲ್ಲಿ ಶೇಕಡ 4ರಿಂದ 5ರಷ್ಟಿದ್ದು, ಮಿಶ್ರಣಕ್ಕೆ ಮೊದಲೇ ಬೆರೆಸಲು ಅವು ಯೋಗ್ಯ. ಬೇವಿನ ಹಿಂಡಿ ಸಾರಜನಕವು ನೈಟ್ರೇಟ್ ಆಗುವ ವೇಗವನ್ನೂ ತಗ್ಗಿಸುತ್ತದೆ. ಆದರೆ ಕೋಕೋಪೀಟಿನಲ್ಲಿ ಖನಿಜಗಳ ಭಂಡಾರವಿಲ್ಲ. ಅಲ್ಲಿ ಸ್ವಲ್ಪಸ್ವಲ್ಪವಾಗಿ ಆಗಾಗ ಉಣಿಸುವುದೊಂದೇ ದಾರಿ. ಲೀಟರ್ ನೀರಿಗೆ 1 ಗ್ರಾಂ 19:19:19 ಗೊಬ್ಬರ ಕರಗಿಸಿದರೆ ಸಿಗುವುದು 190 ಮಿಲಿಗ್ರಾಂ ಸಾರಜನಕ. ರಂಜಕ ಮಾತ್ರ 83, ಪೊಟ್ಯಾಸಿಯಂ 158 ಮಿಲಿಗ್ರಾಂ, ಏಕೆಂದರೆ ಚೀಲದ ಮೇಲಿನ ಸಂಖ್ಯೆಗಳು ಈ ಎರಡರ ಆಕ್ಸೈಡುಗಳವು. ಅದೇ ಚೀಲದ ಹಿಂಬದಿ ಓದಿದರೆ ಸಾರಜನಕದ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದೆಂದು ತಿಳಿಯುತ್ತದೆ. ಯೂರಿಯಾಕ್ಕೆ ವಿದ್ಯುದಂಶವಿಲ್ಲದ್ದರಿಂದ ಮಿಶ್ರಣ ಅದನ್ನು ಹಿಡಿದಿಡಲಾರದು. ಧಾರಾಳವಾಗಿ ನೀರೆರೆದರೆ ತೂತಿನಿಂದ ಹೊರಟುಹೋಗುತ್ತದೆ. ಈ ಗೊಬ್ಬರದಲ್ಲಿ ಕ್ಯಾಲ್ಸಿಯಂ ಇಲ್ಲ. ಅದಕ್ಕೆ ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ದಿನ ಕೊಡಬೇಕು, ಒಂದೇ ಬಕೆಟಿನ ಗಟ್ಟಿ ದ್ರಾವಣದಲ್ಲಿ ಬೆರೆಸಿದರೆ ರಂಜಕದೊಡನೆ ಗಷ್ಟಾಗಿ ತಳಕ್ಕೆ ಕೂರುತ್ತದೆ.

ಕುಂಡದೊಳಗೆ ಏನು ನಡೆದಿದೆಯೆಂದು ತಿಳಿಯಲು ದುಬಾರಿ ಪರೀಕ್ಷೆ ಬೇಕಿಲ್ಲ. ಚೆನ್ನಾಗಿ ನೀರೆರೆದು ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಮೇಲಿನಿಂದ ಸ್ವಲ್ಪ ಶುದ್ಧ ನೀರು ಹಾಕಿ, ತೂತಿನಿಂದ ಬಂದ 50 ಮಿಲಿಲೀಟರನ್ನು ಹಿಡಿದು, ಪೆನ್ನಿನಷ್ಟು ದೊಡ್ಡ ಮೀಟರಿನಿಂದ ಅದರ ವಿದ್ಯುತ್ ವಾಹಕತೆ ಮತ್ತು ರಸಸಾರ ಅಳೆದರಾಯಿತು. ಕಡಿಮೆ ಉಣ್ಣುವ ಗಿಡಗಳಿಗೆ ವಾಹಕತೆ ಸೆಂಟಿಮೀಟರಿಗೆ 1ರಿಂದ 2.6 ಮಿಲಿಸೀಮೆನ್ಸ್, ಹೆಚ್ಚು ಉಣ್ಣುವವಕ್ಕೆ 4.6ರವರೆಗೆ ಸಲ್ಲುತ್ತದೆ; ರಸಸಾರ 5.5ರಿಂದ 6.5ರೊಳಗಿದ್ದರೆ ಚೆನ್ನ. ಆದರೆ ಮೀಟರನ್ನು ಕುಂಡಕ್ಕಿಂತ ಮೊದಲು ನಲ್ಲಿಯ ನೀರಿಗೆ ಅದ್ದಬೇಕು. ಗಡಸು ಕೊಳವೆ ಬಾವಿ ನೀರಿನ ಬೈಕಾರ್ಬೊನೇಟ್ ವಾರದಿಂದ ವಾರಕ್ಕೆ ಮಿಶ್ರಣದ ರಸಸಾರವನ್ನು ಏರಿಸಿ, ಕಬ್ಬಿಣ ಬೇರಿಗೆ ದಕ್ಕದಂತೆ ಮಾಡುತ್ತದೆ. ದಾಸವಾಳದ ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದಿದ್ದರೆ, ಕಾವೇರಿ ನೀರು ಬರುವ ಪಕ್ಕದ ಬೀದಿಯ ದಾಸವಾಳ ಹೇಗಿದೆಯೆಂದು ಒಮ್ಮೆ ನೋಡಿಬಂದು ಆಮೇಲೆ ಗೊಬ್ಬರದ ಡಬ್ಬಿ ತೆರೆಯಬಹುದು.