ಪರಮಾಣು ಸುರಕ್ಷತಾ ಒಡಂಬಡಿಕೆ

ನಾಗರಿಕ ಬಳಕೆಯ, ನೆಲದ ಮೇಲಿನ ಪರಮಾಣು ವಿದ್ಯುತ್ ಸ್ಥಾವರಗಳ ಸುರಕ್ಷತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಒಪ್ಪಂದ. ಚೆರ್ನೋಬಿಲ್ ದುರಂತದ (1986) ಹಿನ್ನೆಲೆಯಲ್ಲಿ ರೂಪುಗೊಂಡು, 1994ರ ಜೂನ್ 17ರಂದು ವಿಯೆನ್ನಾದಲ್ಲಿ ಅಂಗೀಕಾರವಾಯಿತು. 1996ರ ಅಕ್ಟೋಬರ್ 24ರಂದು ಜಾರಿಗೆ ಬಂದಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಇದರ ಸಚಿವಾಲಯ.

ಸುರಕ್ಷತೆಯ ಮೊದಲ ಹೊಣೆ ಪರವಾನಗಿ ಪಡೆದವರದು. ಪರವಾನಗಿ ನೀಡಿ ತಪಾಸಣೆ ನಡೆಸುವ ನಿಯಂತ್ರಣ ಸಂಸ್ಥೆ ಪ್ರತಿ ಸದಸ್ಯ ರಾಷ್ಟ್ರದಲ್ಲೂ ಇರಬೇಕು. ಅದರ ಕಾರ್ಯ ಪರಮಾಣು ಶಕ್ತಿಯನ್ನು ಉತ್ತೇಜಿಸುವ ಸಂಸ್ಥೆಗಳ ಕಾರ್ಯದಿಂದ ಪ್ರತ್ಯೇಕವಾಗಿರಬೇಕು. ಉಲ್ಲಂಘನೆಗೆ ದಂಡವಿಲ್ಲ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ರಾಷ್ಟ್ರಗಳು ಪರಸ್ಪರರ ವರದಿಗಳನ್ನು ಪರಿಶೀಲಿಸುತ್ತವೆ.

ಫುಕುಶಿಮಾ ದುರಂತದ (2011) ತರುವಾಯ ಒಡಂಬಡಿಕೆಗೆ ತಿದ್ದುಪಡಿ ತರುವ ಪ್ರಸ್ತಾವಕ್ಕೆ ಒಮ್ಮತ ದೊರೆಯದೆ, 2015ರಲ್ಲಿ ವಿಯೆನ್ನಾ ಘೋಷಣೆಯನ್ನು ಅಂಗೀಕರಿಸಲಾಯಿತು. ಭಾರತ 2005ರಲ್ಲಿ ಒಡಂಬಡಿಕೆಯನ್ನು ಅನುಮೋದಿಸಿತು. ಉತ್ತರ ಕನ್ನಡದ ಕೈಗಾ ಸ್ಥಾವರವೂ ಇದರ ವ್ಯಾಪ್ತಿಗೆ ಸೇರುತ್ತದೆ.